ಸೌಂಡ್ ಸೆಟ್‌ಗೆ ಸಾಲ ಕೇಳಿದವರಿಗೆ ಬೇಕಿದ್ದದ್ದು 68 ದಿನದ ಹಣ: ಸಣ್ಣ ಇವೆಂಟ್ ಸಂಸ್ಥೆಯೊಂದರ ಪ್ರಕರಣ ಅಧ್ಯಯನ

ಇಬ್ಬರು ಪಾಲುದಾರರು, ನಾಲ್ವರು ಕಾಯಂ ನೌಕರರು, ವರ್ಷಕ್ಕೆ ಸುಮಾರು 40 ಕಾರ್ಯಕ್ರಮ, ಜಿಎಸ್‌ಟಿ ಬಿಟ್ಟು 1.2 ಕೋಟಿ ರೂಪಾಯಿ ವಹಿವಾಟು. ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ನಡೆಯುವ ಪಾಲುದಾರಿಕೆ ಸಂಸ್ಥೆ. ಅರ್ಧಕ್ಕಿಂತ ಹೆಚ್ಚು ಕೆಲಸ ಕಂಪನಿಗಳ ಸಭೆ, ಸಮ್ಮೇಳನಗಳದ್ದು. ಉಳಿದದ್ದು ಸರ್ಕಾರಿ ಇಲಾಖೆಗಳ ಸಮಾರಂಭ ಮತ್ತು ಮದುವೆ. ಇದು ಮಾದರಿ ಪ್ರಕರಣ. ಸಂಸ್ಥೆಯ ಅಂಕಿಗಳನ್ನು ಲೆಕ್ಕ ತಿಳಿಯಲೆಂದು ದುಂಡಾಗಿಸಿ ಕಟ್ಟಲಾಗಿದೆ. ಕಾಯ್ದೆ, ತೆರಿಗೆ ದರ, ಗಡುವುಗಳು ಮಾತ್ರ ಈಗ ಇರುವಂಥವೇ.

ಪಾಲುದಾರರ ಬೇಡಿಕೆ ಒಂದೇ ಸಾಲಿನದು: 18 ಲಕ್ಷ ರೂಪಾಯಿಯ ಸೌಂಡ್ ಮತ್ತು ಲೈಟ್ ಸೆಟ್ ಕೊಳ್ಳಲು ಸಬ್ಸಿಡಿ ಸಾಲ ಬೇಕು. ನೆರವು ಕೇಳಿ ಬರುವ ಇವೆಂಟ್ ಸಂಸ್ಥೆಗಳಲ್ಲಿ ಬಹುಪಾಲು ಹೀಗೆಯೇ ಒಂದು ವಸ್ತುವಿನ ಹೆಸರು ಹೇಳುತ್ತವೆ. ವಸ್ತು ಕಣ್ಣಿಗೆ ಕಾಣುತ್ತದೆ, ಕೊಟೇಶನ್ ಸಿಗುತ್ತದೆ, ಅರ್ಜಿಯಲ್ಲಿ ಅದನ್ನು ಬರೆಯಲು ಒಂದು ಕಾಲಂ ಇರುತ್ತದೆ. ನಿಜವಾದ ಕೊರತೆಗೆ ಅಂಥ ಕಾಲಂ ಇರುವುದಿಲ್ಲ.

ಮೊದಲ ಅರ್ಜಿ ತಿರಸ್ಕೃತವಾದದ್ದು ಏಕೆ

ಅರ್ಜಿ ಹಾಕಿದ್ದು ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮಕ್ಕೆ, ಎಂದರೆ ಪಿಎಂಇಜಿಪಿಗೆ. ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚ, ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25ರ ಸಬ್ಸಿಡಿ. ಅಂಕಿ ನೋಡಿದರೆ 18 ಲಕ್ಷದ ಬೇಡಿಕೆ ಸರಿಯಾಗಿ ಕೂರುತ್ತದೆ. ಆದರೆ ಈ ಯೋಜನೆ ಹೊಸ ಘಟಕಗಳಿಗೆ ಮಾತ್ರ. ಈಗಾಗಲೇ ನಡೆಯುತ್ತಿರುವ ಉದ್ಯಮಕ್ಕೆ ಇದರಲ್ಲಿ ಜಾಗವಿಲ್ಲ. ಎರಡನೇ ಸಾಲದ ಅವಕಾಶ ಇರುವುದು ಮೊದಲ ಸಾಲವನ್ನು ಪಿಎಂಇಜಿಪಿ ಅಥವಾ ಮುದ್ರಾದಲ್ಲಿ ಪಡೆದು ತೀರಿಸಿದವರಿಗೆ. ಈ ಸಂಸ್ಥೆ ಎಂದೂ ಬ್ಯಾಂಕ್ ಸಾಲವನ್ನೇ ಪಡೆದಿರಲಿಲ್ಲ.

ಅರ್ಜಿ ಬಿದ್ದ ಮೇಲೆ ಮಧ್ಯವರ್ತಿ ಕೊಟ್ಟ ಸಲಹೆ: ಪಾಲುದಾರರ ಹೆಂಡತಿಯ ಹೆಸರಲ್ಲಿ ‘ಹೊಸ’ ಸಂಸ್ಥೆ ತೆರೆದು ಮತ್ತೆ ಅರ್ಜಿ ಹಾಕಿ. ಇದನ್ನು ಮಾಡಬಾರದು. ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಒಂದೇ ಘಟಕ. ಗಂಡ ಹೆಂಡತಿ ಒಂದೇ ಕುಟುಂಬ. ಹಳೆಯ ಗ್ರಾಹಕರು, ಹಳೆಯ ವಿಳಾಸ, ಹಳೆಯ ಕೆಲಸಗಾರರು ಹೊಸ ಹೆಸರಿನಲ್ಲಿ ಕಂಡರೆ ಸ್ಥಳ ಪರಿಶೀಲನೆಯಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ವ್ಯವಹಾರ ಎರಡು ಹೆಸರಿಗೆ ಒಡೆದುಹೋದರೆ, ಮುಂದೆ ಕೇಳಬೇಕಾದ ದುಡಿಮೆ ಬಂಡವಾಳಕ್ಕೆ, ಎಂದರೆ ದಿನನಿತ್ಯದ ಖರ್ಚು ನಡೆಸುವ ಸಾಲಕ್ಕೆ, ಆಧಾರವಾಗುವ ವಹಿವಾಟಿನ ದಾಖಲೆಯೇ ಅರ್ಧವಾಗುತ್ತದೆ.

ಸೆಟ್ ಕೊಂಡರೆ ಲಾಭವೇ?

ಸಬ್ಸಿಡಿಯ ಮಾತು ಬದಿಗಿಟ್ಟು ಈ ಲೆಕ್ಕ ಮೊದಲು ಮಾಡಬೇಕಿತ್ತು. ದೊಡ್ಡ ಸೌಂಡ್ ಬೇಕಾಗುವ ಕಾರ್ಯಕ್ರಮ ವರ್ಷಕ್ಕೆ 28. ಬಾಡಿಗೆ ಒಂದಕ್ಕೆ 22,000 ಎಂದರೆ ವರ್ಷಕ್ಕೆ 6.16 ಲಕ್ಷ. ಸ್ವಂತ ಸೆಟ್‌ಗೆ 18 ಲಕ್ಷ ಸಾಲ, ಶೇ. 11 ಬಡ್ಡಿ, ಐದು ವರ್ಷ: ತಿಂಗಳ ಕಂತು ಸುಮಾರು 39 ಸಾವಿರ, ವರ್ಷಕ್ಕೆ 4.7 ಲಕ್ಷ. ಇಲ್ಲಿಗೇ ನಿಲ್ಲಿಸಿದರೆ ಕೊಳ್ಳುವುದೇ ಲಾಭ ಎನಿಸುತ್ತದೆ. ಆದರೆ ಸೆಟ್ ತಾನಾಗಿ ನಡೆಯುವುದಿಲ್ಲ. ತಿಂಗಳಿಗೆ 18,000ದಂತೆ ಇಬ್ಬರು ಆಪರೇಟರ್‌ಗಳಿಗೆ ವರ್ಷಕ್ಕೆ 4.32 ಲಕ್ಷ, ಸಾಗಣೆ, ಗೋದಾಮು, ರಿಪೇರಿಗೆ 1.2 ಲಕ್ಷ ಸೇರಿಸಿದರೆ ಹತ್ತು ಲಕ್ಷ ದಾಟುತ್ತದೆ. ಬಾಡಿಗೆಗೆ ತಂದಾಗ ಆಪರೇಟರ್, ಗಾಡಿ ಎರಡೂ ಆ 22,000ದೊಳಗೇ ಬರುತ್ತವೆ. ಸಬ್ಸಿಡಿ ಬಂದಿದ್ದರೂ ಈ ಅಂತರ ಮುಚ್ಚುತ್ತಿರಲಿಲ್ಲ.

ಹಾಗಾದರೆ ಪಾಲುದಾರರಿಗೆ ಹಣದ ಕೊರತೆ ಇದೆ ಎನಿಸಿದ್ದು ಸುಳ್ಳೇ? ಅಲ್ಲ. ಕೊರತೆ ನಿಜ, ಅದರ ಜಾಗ ಬೇರೆ.

ಒಂದು ಕಾರ್ಯಕ್ರಮದ ಹಣ ಓಡಾಡುವ ದಾರಿ

ಯಾವ ಯೋಜನೆಯ ಹೆಸರು ಎತ್ತುವ ಮೊದಲು, ಒಂದೇ ಒಂದು ಕಾರ್ಯಕ್ರಮವನ್ನು ಹಿಡಿದು ದಿನಾಂಕದ ಪ್ರಕಾರ ಬಂದದ್ದು, ಹೋದದ್ದು ಬರೆಯಬೇಕು. ಇಡೀ ಪ್ರಕರಣ ತಿರುಗಿದ್ದು ಈ ಒಂದು ಹಾಳೆಯಲ್ಲಿ.

ಕಂಪನಿಯೊಂದರ ಸಮ್ಮೇಳನ, ಮೌಲ್ಯ 10 ಲಕ್ಷ. ಕಾರ್ಯಕ್ರಮ ಆಯೋಜನಾ ಸೇವೆಗೆ ಜಿಎಸ್‌ಟಿ ಶೇ. 18, ಒಟ್ಟು 11.8 ಲಕ್ಷ. ಖರ್ಚು 8.2 ಲಕ್ಷ, ಅದರಲ್ಲಿ 5.6 ಲಕ್ಷದ ಕೆಲಸ ಜಿಎಸ್‌ಟಿ ನೋಂದಣಿ ಇರುವವರಿಂದ, ಅವರಿಗೆ ಕಟ್ಟುವ ತೆರಿಗೆ 1,00,800. ಎಲ್ಲ ಸೇರಿ ಕೈಬಿಡುವ ಹಣ 9,20,800. ಜಿಎಸ್‌ಟಿ ಬಿಟ್ಟು ನಿವ್ವಳವಾಗಿ ಉಳಿಯಬೇಕಾದದ್ದು 1.8 ಲಕ್ಷ.

ಮಾರ್ಚ್ 28ಕ್ಕೆ ಶೇ. 30 ಮುಂಗಡ: 3,54,000. ಗ್ರಾಹಕ ಕಂಪನಿ ಟಿಡಿಎಸ್, ಎಂದರೆ ಮೂಲದಲ್ಲೇ ಮುರಿಯುವ ಆದಾಯ ತೆರಿಗೆ, ಹಿಡಿದು 3,48,000 ಹಾಕುತ್ತದೆ. ಸರಕಿಗೆ ಮುಂಗಡ ಬಂದರೆ ಜಿಎಸ್‌ಟಿ ಬಿಲ್ ಮಾಡುವಾಗ ಕಟ್ಟಿದರೆ ಸಾಕು, ಸೇವೆಗೆ ಹಾಗಲ್ಲ. ಮುಂಗಡ ಬಂದ ತಿಂಗಳಿಗೇ ತೆರಿಗೆ. ಹಾಗಾಗಿ ಏಪ್ರಿಲ್ 20ಕ್ಕೆ 54,000 ಕಟ್ಟಬೇಕು. ಆ ಹೊತ್ತಿಗೆ ಡೆಕೊರೇಟರ್, ಸೌಂಡ್‌ನವರು ಯಾರೂ ಬಿಲ್ ಕೊಟ್ಟಿರುವುದಿಲ್ಲ, ಈ ಕಾರ್ಯಕ್ರಮದಿಂದ ಹೊಂದಿಸಿಕೊಳ್ಳಲು ಹೂಡುವಳಿ ತೆರಿಗೆ ಜಮೆ (ಪೂರೈಕೆದಾರರಿಗೆ ಕೊಟ್ಟ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇರುವುದಿಲ್ಲ. ಅಷ್ಟೂ ನಗದೇ ಹೋಗುತ್ತದೆ.

ಏಪ್ರಿಲ್ 26ರೊಳಗೆ ಖರ್ಚಿನ ಅರ್ಧ, 4,60,400, ಪಾವತಿ. ಈಗಾಗಲೇ 1,66,400 ಕೈಯಿಂದ. ಏಪ್ರಿಲ್ 27 ಕಾರ್ಯಕ್ರಮ. ಮೇ 4ರೊಳಗೆ ಉಳಿದರ್ಧ. ಪೆಂಡಾಲ್ ಕೂಲಿಯವರು, ಲೈಟ್‌ನವರು ವಾರಕ್ಕಿಂತ ಹೆಚ್ಚು ಕಾಯುವುದಿಲ್ಲ, ಕಾಯಿಸಲೂಬಾರದು. ಹೊರಗೆ ನಿಂತ ಹಣ 6,26,800. ಮೇ 7ಕ್ಕೆ ಅಂತಿಮ ಬಿಲ್. ಜೂನ್ 20ಕ್ಕೆ ಉಳಿದ ಜಿಎಸ್‌ಟಿ 25,200: ಒಟ್ಟು 1.8 ಲಕ್ಷದಲ್ಲಿ ಮೊದಲೇ ಕಟ್ಟಿದ 54,000, ಪೂರೈಕೆದಾರರಿಗೆ ಕೊಟ್ಟ 1,00,800 ಕಳೆದದ್ದು. ಈಗ 6,52,000. ಗ್ರಾಹಕರ ಉಳಿಕೆ 8,12,000 ಬಂದದ್ದು ಜುಲೈ 11ರಂದು, ಕಾರ್ಯಕ್ರಮ ಮುಗಿದ 75ನೇ ದಿನ.

ಮೇ 4ರಿಂದ ಜುಲೈ 11ರವರೆಗೆ 68 ದಿನ. 1.8 ಲಕ್ಷದ ಲಾಭಕ್ಕಾಗಿ ಆರೂಕಾಲು ಲಕ್ಷಕ್ಕೂ ಮೀರಿದ ಹಣ ಅಷ್ಟು ದಿನ ಹೊರಗೆ. ತಿಂಗಳಿಗೆ ಶೇ. 2ರ ಕೈಸಾಲದಲ್ಲಿ ಈ ಅವಧಿಗೆ ಬಡ್ಡಿ ಸುಮಾರು 29 ಸಾವಿರ, ಲಾಭದ ಆರನೇ ಒಂದು ಪಾಲಿಗೆ ಹತ್ತಿರ. ಇಂಥ ಎರಡು ಕಾರ್ಯಕ್ರಮ ಒಂದೇ ತಿಂಗಳಿಗೆ ಬಿದ್ದರೆ ಬೇಕಾದ ಹಣ 13 ಲಕ್ಷ. ಸೀಸನ್ ಚೆನ್ನಾಗಿದ್ದಷ್ಟೂ ಕೈ ಬಿಗಿಯಾಗುವುದು ಇದಕ್ಕೇ. ಸ್ವಂತ ಸೆಟ್ ಇದ್ದರೆ ಬಾಡಿಗೆ ಕೊಡುವುದು ತಪ್ಪುತ್ತದೆ ಎಂದು ಪಾಲುದಾರರು ಯೋಚಿಸಿದ್ದೂ ಈ ಇಕ್ಕಟ್ಟಿನಿಂದಲೇ.

ಉದ್ಯಮ್ ಪ್ರಮಾಣಪತ್ರದಲ್ಲಿ ಅಡಗಿದ್ದ ತಪ್ಪು

ಸಂಸ್ಥೆಗೆ ಉದ್ಯಮ್ ನೋಂದಣಿ, ಎಂದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಸರ್ಕಾರಿ ನೋಂದಣಿ, ಇತ್ತು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಯಂತೆ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ಸೂಕ್ಷ್ಮ ಉದ್ಯಮ, ಅದೂ ಸರಿಯಿತ್ತು. ಆದರೆ ನೋಂದಣಿ ಮಾಡಿಸಿಕೊಟ್ಟ ಸೈಬರ್ ಸೆಂಟರ್‌ನವರು ಚಟುವಟಿಕೆಯನ್ನು ಎಲೆಕ್ಟ್ರಾನಿಕ್ ಸಾಮಾನಿನ ಸಗಟು ವ್ಯಾಪಾರ ಎಂದು ಹಾಕಿದ್ದರು.

ಇದು ಸಣ್ಣ ಕೈತಪ್ಪಲ್ಲ. 2021ರ ಜುಲೈನಿಂದ ಚಿಲ್ಲರೆ, ಸಗಟು ವ್ಯಾಪಾರಿಗಳೂ ಉದ್ಯಮ್ ನೋಂದಣಿ ಪಡೆಯಬಹುದು. ಆದರೆ ಅವರಿಗೆ ಸಿಗುವುದು ಆದ್ಯತಾ ವಲಯದ ಸಾಲದ ಪ್ರಯೋಜನ ಮಾತ್ರ. ತಡ ಪಾವತಿಯ ವಿರುದ್ಧದ ರಕ್ಷಣೆ ಅವರಿಗಿಲ್ಲ. ಈ ಸಂಸ್ಥೆಗೆ ಎಲ್ಲಕ್ಕಿಂತ ಬೇಕಿದ್ದದ್ದು ಅದೇ ರಕ್ಷಣೆ. ಪೋರ್ಟಲ್‌ನಲ್ಲಿ ಸಮ್ಮೇಳನ ಮತ್ತು ವ್ಯಾಪಾರ ಮೇಳಗಳ ಆಯೋಜನೆಯ ಸಂಕೇತ 82300 ಸೇರಿಸಿ, ವ್ಯಾಪಾರದ ಸಂಕೇತ ತೆಗೆಸಬೇಕಾಯಿತು. ಶುಲ್ಕವಿಲ್ಲ, ಆಧಾರ್ ಒಟಿಪಿ ಸಾಕು. ಜಿಎಸ್‌ಟಿ ಬಿಲ್ಲಿನಲ್ಲೂ ಅದಕ್ಕೆ ಹೊಂದುವ ಸೇವಾ ಸಂಕೇತ 998596 ಬರಬೇಕು. ಬಿಲ್ಲಿನಲ್ಲಿ ‘ಸ್ಟೇಜ್ ನಿರ್ಮಾಣ’ ಎಂದು ಬರೆದರೆ, ಇದು ಕಾಮಗಾರಿ ಗುತ್ತಿಗೆ, ನಿಮಗೆ ಈ ಕಾಯ್ದೆ ಅನ್ವಯಿಸದು ಎಂಬ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ತಿದ್ದುಪಡಿ ಒಪ್ಪಂದಕ್ಕಿಂತ ಮೊದಲೇ ಆಗಿರಬೇಕು. ನೋಂದಣಿಗೂ ಹಿಂದಿನ ಪೂರೈಕೆಗೆ ಈ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. 2025ರಲ್ಲಿ ಪ್ರಶ್ನೆ ವಿಸ್ತೃತ ಪೀಠಕ್ಕೆ ಹೋಗಿದೆ. ಉತ್ತರ ಏನೇ ಬರಲಿ, ಸಣ್ಣ ಸಂಸ್ಥೆ ತನ್ನ ಬಾಕಿಯನ್ನು ಆ ಅನಿಶ್ಚಿತತೆಯ ಮೇಲೆ ಇಡಬಾರದು.

45 ದಿನ ಎಲ್ಲಿಂದ ಶುರು

2006ರ ಎಂಎಸ್‌ಎಂಇಡಿ ಕಾಯ್ದೆಯ, ಎಂದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ, 15ನೇ ಕಲಂ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಪಾವತಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಗ್ರಾಹಕರ ವರ್ಕ್ ಆರ್ಡರ್‌ನಲ್ಲಿ 90 ದಿನ ಎಂದು ಅಚ್ಚಾಗಿದ್ದರೂ 45 ದಾಟಿದ ಭಾಗಕ್ಕೆ ಬಲವಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ.

ಬಹುತೇಕರು ಬಿಲ್ ದಿನಾಂಕದಿಂದ ಎಣಿಸುತ್ತಾರೆ. ಕಾಯ್ದೆ ಎಣಿಸುವುದು ಸೇವೆ ಒಪ್ಪಿಕೊಂಡ ದಿನದಿಂದ. ಸೇವೆ ಮುಗಿದ 15 ದಿನದೊಳಗೆ ಗ್ರಾಹಕರು ಲಿಖಿತ ಆಕ್ಷೇಪ ಎತ್ತದಿದ್ದರೆ, ಸೇವೆ ಮುಗಿದ ದಿನವೇ ಒಪ್ಪಿಕೊಂಡ ದಿನ. ಏಪ್ರಿಲ್ 27ರ ಕಾರ್ಯಕ್ರಮಕ್ಕೆ 45ನೇ ದಿನ ಜೂನ್ 11. ಹತ್ತು ದಿನ ತಡವಾಗಿ ಬಿಲ್ ಕಳಿಸಿದರೆ ಕಾನೂನಿನ ಗಡುವು ಮುಂದೆ ಹೋಗುವುದಿಲ್ಲ, ಆದರೆ ಗ್ರಾಹಕರ ಅಕೌಂಟ್ಸ್ ವಿಭಾಗಕ್ಕೆ ಒಂದು ನೆಪ ಸಿಗುತ್ತದೆ. ತಿಂಗಳ ಕೊನೆಯಲ್ಲಿ ನಡೆದ ಕಾರ್ಯಕ್ರಮದ ಬಿಲ್ ಮೇ 1ಕ್ಕೆ ಹೋದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ನಾಲ್ಕೇ ದಿನದಲ್ಲಿ ಬಿಲ್ ತಲುಪಿತು, ತೆರಿಗೆಯೂ ಮೇ ತಿಂಗಳ ಲೆಕ್ಕಕ್ಕೆ ಸೇರಿ ಜೂನ್ 20ಕ್ಕೇ ಬಂತು. ಜೂನ್ 11ಕ್ಕೆ ಹಣ ಕೈಸೇರಿದರೆ ಆ 25,200ವನ್ನು ಗ್ರಾಹಕರ ಹಣದಿಂದಲೇ ಕಟ್ಟಬಹುದು.

ಬಿಲ್ ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ. ಹೆಚ್ಚುವರಿ ಕುರ್ಚಿ ಎಷ್ಟು, ಓವರ್‌ಟೈಮ್ ಎಷ್ಟು ಗಂಟೆ, ಜನರೇಟರ್ ಎಷ್ಟು ಹೊತ್ತು ಓಡಿತು ಎಂಬ ತಕರಾರು ಮುಗಿಯುತ್ತಲೇ ಇರಲಿಲ್ಲ. ಇದಕ್ಕೆ ಮದ್ದು ಒಂದು ಪುಟದ ಮುಕ್ತಾಯ ಪತ್ರ. ಕಾರ್ಯಕ್ರಮ ಮುಗಿದ ರಾತ್ರಿಯೇ, ಸ್ಟೇಜ್ ಬಿಚ್ಚುವ ಮೊದಲು, ಗ್ರಾಹಕರ ಕಡೆಯ ಜವಾಬ್ದಾರಿ ಹೊತ್ತವರ ಸಹಿ. ಅದರಲ್ಲಿ ವರ್ಕ್ ಆರ್ಡರ್ ಸಂಖ್ಯೆ, ಶುರುವಾದ ಮತ್ತು ಮುಗಿದ ಹೊತ್ತು, ಒಪ್ಪಿದ್ದಕ್ಕಿಂತ ಹೆಚ್ಚು ಕೊಟ್ಟ ಸಾಮಾನಿನ ಎಣಿಕೆ, ಕೊನೆಗೆ ‘ಸೇವೆ ಒಪ್ಪಿದೆ’ ಅಥವಾ ‘ಈ ಆಕ್ಷೇಪಗಳಿವೆ’. ಯಾರು ಸಹಿ ಹಾಕುತ್ತಾರೆ ಎಂಬುದನ್ನು ವರ್ಕ್ ಆರ್ಡರ್‌ನಲ್ಲೇ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಸಹಿ ಹಾಕುವವರೇ ಇರುವುದಿಲ್ಲ. ಮುಂದೆ ಬರುವ ಪ್ರತಿ ನೆರವಿಗೂ ಕೀಲಿಕೈ ಈ ಹಾಳೆಯೇ. ಹಾಗಾಗಿ ಇದನ್ನು ಅರ್ಜಿಗಳಿಗಿಂತ ಮೊದಲು ಸರಿಪಡಿಸಬೇಕು.

ಕಾನೂನಿನ ಬಲವನ್ನು ಬಳಸುವುದಕ್ಕೂ ಒಂದು ಕ್ರಮವಿದೆ. ಬಿಲ್ಲಿನ ತಲೆಯಲ್ಲೇ ಉದ್ಯಮ್ ಸಂಖ್ಯೆ, ‘ಸೂಕ್ಷ್ಮ ಉದ್ಯಮ, ಸೇವೆ’ ಎಂಬ ಒಕ್ಕಣೆ. 30ನೇ ದಿನ ಮೃದುವಾದ ನೆನಪೋಲೆ. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು: ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಗ್ರಾಹಕರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬೇರೆ. ಫೆಬ್ರವರಿಯಲ್ಲಿ ಬಾಕಿ ಪಟ್ಟಿಯ ಜೊತೆ ಉದ್ಯಮ್ ಪ್ರಮಾಣಪತ್ರದ ಪ್ರತಿ ಕಳಿಸಿದರೆ ಗ್ರಾಹಕರ ಆಡಿಟರೇ ಪಾವತಿ ಮಾಡಿಸುತ್ತಾರೆ. ಬಾಕಿ ತಗಾದೆ ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊನೆಯ ಮೆಟ್ಟಿಲು. ಅಲ್ಲಿ ಮೊದಲು ರಾಜಿ, ಆಮೇಲೆ ಮಧ್ಯಸ್ಥಿಕೆ ತೀರ್ಪು. ತೀರ್ಪನ್ನು ಪ್ರಶ್ನಿಸಬೇಕಾದರೆ ಗ್ರಾಹಕರು ಶೇ. 75 ಹಣ ಠೇವಣಿ ಇಡಬೇಕು. ಬಲವಾದ ಅಸ್ತ್ರ, ಆದರೆ ಬಿಟ್ಟ ಮೇಲೆ ಆ ಗ್ರಾಹಕರು ಮತ್ತೆ ಬರುವುದಿಲ್ಲ. ಹೇಗೂ ಕೈಬಿಟ್ಟಾಗಿದೆ ಎನ್ನುವಂಥ ಗ್ರಾಹಕರ ಮೇಲೆ ಮಾತ್ರ ಬಳಸುವುದು ಲೇಸು.

ಯಂತ್ರದ ಸಾಲ ಬಿಟ್ಟು ಓವರ್‌ಡ್ರಾಫ್ಟ್

ಇಷ್ಟಾದರೂ ಮೇ 4ರಿಂದ ಜೂನ್ 11ರವರೆಗೆ 38 ದಿನದ ಕಂದಕ ಉಳಿಯುತ್ತದೆ. ಅದಕ್ಕೆ ಸರಿಯಾದದ್ದು ದುಡಿಮೆ ಬಂಡವಾಳ. 5 ಕೋಟಿವರೆಗಿನ ಮಿತಿಗೆ ಬ್ಯಾಂಕುಗಳು ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರ ಲೆಕ್ಕ ಹಿಡಿಯುತ್ತವೆ: 1.2 ಕೋಟಿಗೆ 24 ಲಕ್ಷ, ಮಾಲೀಕರ ಪಾಲು 6 ಲಕ್ಷ. ಆದರೆ ಅಳೆದ ಅಗತ್ಯ 13 ಲಕ್ಷ. ಕೇಳಿದ್ದು 15 ಲಕ್ಷ. ಹೆಚ್ಚು ಮಿತಿ ಸಿಗುತ್ತದೆಂದು ತೆಗೆದುಕೊಂಡರೆ ಅದು ಸೌಂಡ್ ಸೆಟ್ ಆಗಿ ಬದಲಾಗುವ ಅಪಾಯವಿದೆ.

2026ರ ಏಪ್ರಿಲ್ 1ರಿಂದ ಮಂಜೂರಾಗುವ 20 ಲಕ್ಷದವರೆಗಿನ ಸಾಲಕ್ಕೆ (ಅದಕ್ಕೆ ಮೊದಲು ಈ ಮಿತಿ 10 ಲಕ್ಷ) ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಬ್ಯಾಂಕ್ ಒತ್ತೆ ಕೇಳುವಂತಿಲ್ಲ. ಒತ್ತೆಯಿಲ್ಲದ ಸಾಲಕ್ಕೆ ಸಿಜಿಟಿಎಂಎಸ್‌ಇ, ಎಂದರೆ ಸೂಕ್ಷ್ಮ, ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿಯ, ಖಾತರಿ ಇದೆ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಈ ಖಾತರಿಗೆ ಉದ್ಯಮಿ ನೇರ ಅರ್ಜಿ ಹಾಕುವಂತಿಲ್ಲ, ಬ್ಯಾಂಕೇ ಪಡೆಯಬೇಕು. ಮ್ಯಾನೇಜರ್ ಮನೆ ಪತ್ರ ಕೇಳಿದರೆ, ಅರ್ಜಿಯಲ್ಲೇ ‘ಸಿಜಿಟಿಎಂಎಸ್‌ಇ ಖಾತರಿಯಡಿ ಪರಿಗಣಿಸಿ’ ಎಂದು ಬರೆದು ಸ್ವೀಕೃತಿ ಪಡೆಯಬೇಕು. ಖಾತರಿ ಶುಲ್ಕ ಸಾಮಾನ್ಯವಾಗಿ ಸಾಲಗಾರರ ಮೇಲೇ ಬೀಳುತ್ತದೆ, ಅದನ್ನು ವೆಚ್ಚದಲ್ಲಿ ಸೇರಿಸಿಕೊಳ್ಳಬೇಕು.

ಇಲ್ಲಿ ಎರಡು ಅಡ್ಡಿ ಬಂದವು. ಇವೆಂಟ್ ಸಂಸ್ಥೆಗೆ ದಾಸ್ತಾನು ಇಲ್ಲ, ದಾಸ್ತಾನಿಲ್ಲದೆ ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಆಧಾರದ ಮೇಲೆ ಕೊಡುವ ದುಡಿಮೆ ಬಂಡವಾಳದ ಸಾಲ) ಹೇಗೆ ಎಂಬುದು ಒಂದು. ಬರಬೇಕಾದ ಬಾಕಿಯ ಆಧಾರದ ಮೇಲೆ ಓವರ್‌ಡ್ರಾಫ್ಟ್, ಎಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಮರಳಿ ತುಂಬುವ ಸಾಲ, ಕೇಳುವುದು ಉತ್ತರ. ಪ್ರತಿ ತಿಂಗಳು ಬಾಕಿದಾರರ ಪಟ್ಟಿ ಕೊಡಬೇಕು. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಯೂ ಮುಕ್ತಾಯ ಪತ್ರ ಜೊತೆಗಿದ್ದರೆ ಬಾಕಿ ನಿಜವಾದದ್ದೆಂದು ತೋರಿಸುವುದು ಸುಲಭ. ಎರಡನೆಯದು ಸಂಸ್ಥೆಯದೇ ತಪ್ಪು: ಮದುವೆಗಳ ಮುಂಗಡ ಪಾಲುದಾರರೊಬ್ಬರ ಉಳಿತಾಯ ಖಾತೆಗೆ ಬರುತ್ತಿತ್ತು. ಜಿಎಸ್‌ಟಿ ಲೆಕ್ಕದಲ್ಲಿ 1.2 ಕೋಟಿ ಇದೆ, ಸಂಸ್ಥೆಯ ಕರೆಂಟ್ ಖಾತೆಯಲ್ಲಿ ಅಷ್ಟು ಕಾಣುವುದಿಲ್ಲ. ಎರಡೂ ತಾಳೆಯಾಗದ ಅರ್ಜಿಯನ್ನು ಯಾವ ಬ್ಯಾಂಕೂ ಮುಂದಕ್ಕೆ ಕಳಿಸುವುದಿಲ್ಲ. ಆರು ತಿಂಗಳು ಎಲ್ಲ ಹಣವನ್ನೂ ಒಂದೇ ಖಾತೆಗೆ ಹಾಕಿ, ಆಮೇಲೆ ಅರ್ಜಿ. ಶೇ. 11ರ ಓವರ್‌ಡ್ರಾಫ್ಟ್‌ನಲ್ಲಿ 38 ದಿನಕ್ಕೆ ಬಡ್ಡಿ ಏಳು ಸಾವಿರ ಚಿಲ್ಲರೆ. 29 ಸಾವಿರದ ಜಾಗದಲ್ಲಿ ಏಳು.

ಬ್ಯಾಂಕಿನಲ್ಲಿ ಸಾಲದ ಖಾತೆಯೇ ಇಲ್ಲದಿರುವುದು ಹೆಮ್ಮೆ ಎಂದು ಈ ಕ್ಷೇತ್ರದಲ್ಲಿ ಅನೇಕರು ತಿಳಿದಿದ್ದಾರೆ. 2020ರಲ್ಲಿ ಅದಕ್ಕೆ ಬೆಲೆ ತೆರಬೇಕಾಯಿತು. ಕೋವಿಡ್ ಕಾಲದ ತುರ್ತು ಸಾಲ ಖಾತರಿ ಯೋಜನೆ ಶುರುವಾದಾಗ ಕೊಟ್ಟದ್ದು 2020ರ ಫೆಬ್ರವರಿ 29ಕ್ಕೆ ಇದ್ದ ಸಾಲ ಬಾಕಿಯ ಶೇ. 20. ಗ್ರಾಹಕರ ಮುಂಗಡದ ಮೇಲೆ ಬದುಕಿದ ಸಂಸ್ಥೆಗಳ ಸಾಲ ಬಾಕಿ ಸೊನ್ನೆ, ಸೊನ್ನೆಯ ಶೇ. 20 ಸೊನ್ನೆಯೇ. ಕಾರ್ಯಕ್ರಮಗಳೇ ನಿಂತುಹೋದಾಗ ಎಲ್ಲರಿಗಿಂತ ಹೆಚ್ಚು ನೆರವು ಬೇಕಿದ್ದ ಈ ಸಂಸ್ಥೆಗಳು ಹೊರಗುಳಿದದ್ದು ನೋವಿನ ಸಂಗತಿ. ಸಣ್ಣದಾದರೂ ನಿಯಮಿತವಾಗಿ ನಡೆಯುವ ಒಂದು ಸಾಲದ ಖಾತೆ ಇರಲಿ ಎನ್ನುವುದು ಇದಕ್ಕೇ.

ಟ್ರೆಡ್ಸ್, ಜೆಮ್: ಯಾರಿಗೆ, ಯಾವಾಗ

ಗ್ರಾಹಕ ಕಂಪನಿಗಳ ಪಟ್ಟಿಯಲ್ಲಿ ವಹಿವಾಟು 250 ಕೋಟಿ ದಾಟಿದ ಎರಡು ಇದ್ದವು. ಅಂಥ ಕಂಪನಿಗಳು ಟ್ರೆಡ್ಸ್ ವೇದಿಕೆಗೆ, ಎಂದರೆ ಸಣ್ಣ ಉದ್ಯಮಗಳ ಬಾಕಿ ಬಿಲ್‌ಗೆ ಬ್ಯಾಂಕುಗಳಿಂದ ಮುಂಚಿತವಾಗಿ ಹಣ ಕೊಡಿಸುವ ಆನ್‌ಲೈನ್ ವೇದಿಕೆಗೆ, ಸೇರುವುದು ಕಡ್ಡಾಯ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್ವಾಯ್ಸ್‌ಮಾರ್ಟ್ ಅಂಥ ವೇದಿಕೆಗಳು. ಬಿಲ್ ಹಾಕಿ, ಗ್ರಾಹಕರು ಒಪ್ಪಿದರೆ, ಬ್ಯಾಂಕುಗಳು ಬಡ್ಡಿದರ ಕೂಗುತ್ತವೆ. ಹಣ ಬೇಗ ಬರುತ್ತದೆ. ಆಮೇಲೆ ಗ್ರಾಹಕರು ಕೊಡದಿದ್ದರೂ ಬ್ಯಾಂಕ್ ಆಯೋಜಕರ ಬೆನ್ನು ಹತ್ತುವಂತಿಲ್ಲ. ಸಿಕ್ಕು ಇರುವುದು ‘ಒಪ್ಪಿದರೆ’ ಎಂಬಲ್ಲಿ. ಸೇರಿದ್ದರೂ ಬಿಲ್ ಒಪ್ಪದೆ ಇಟ್ಟುಕೊಳ್ಳುವವರಿದ್ದಾರೆ. ಮುಕ್ತಾಯ ಪತ್ರವಿದ್ದರೆ ತಡೆಹಿಡಿಯಲು ಕಾರಣ ಸಿಗುವುದಿಲ್ಲ.

ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಕಾರ್ಯಕ್ರಮ ನಿರ್ವಹಣೆಯ ವಿಭಾಗವಿದೆ, ಕೇಂದ್ರ ಇಲಾಖೆಗಳು ಶೇ. 25 ಖರೀದಿಯನ್ನು ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಮಾಡಬೇಕು, ಇಎಂಡಿ (ಟೆಂಡರ್ ಠೇವಣಿ) ವಿನಾಯಿತಿಯೂ ಉಂಟು. ಆದರೂ ಈ ಸಂಸ್ಥೆಗೆ ಮೊದಲ ವರ್ಷ ಅದು ಬೇಡ ಎಂಬುದೇ ಸರಿಯಾದ ಸಲಹೆ. ಸರ್ಕಾರಿ ಕೆಲಸಕ್ಕೆ ಮುಂಗಡ ಅಪರೂಪ. ಕಂದಕ ಇನ್ನೂ ಆಳವಾಗುತ್ತದೆ. ಓವರ್‌ಡ್ರಾಫ್ಟ್ ಒಂದು ಸೀಸನ್ ಸರಿಯಾಗಿ ನಡೆದ ಮೇಲೆ ಆ ಬಾಗಿಲು ತಟ್ಟಬೇಕು. ಇನ್ನು ಎಂಎಸ್‌ಎಂಇ ಇಲಾಖೆಯ ಮೇಳಗಳ ನೆರವು ಮಳಿಗೆ ಹಾಕುವವರಿಗೆ, ಮೇಳ ನಡೆಸಿಕೊಡುವವರಿಗಲ್ಲ. ಹೆಸರು ನೋಡಿ ಅರ್ಜಿ ಹಾಕಿ ಸಮಯ ಕಳೆದವರು ಬಹಳ.

ಈಗಿರುವ ಇಲಾಖಾ ಕೆಲಸದಲ್ಲೇ ಮರೆತುಹೋದ ಹಣವೊಂದು ಸಿಕ್ಕಿತು. 2.5 ಲಕ್ಷ ಮೀರಿದ ಗುತ್ತಿಗೆಗೆ ಸರ್ಕಾರಿ ಇಲಾಖೆಗಳು ಜಿಎಸ್‌ಟಿಯಲ್ಲೂ ಶೇ. 2 ಟಿಡಿಎಸ್ ಹಿಡಿಯುತ್ತವೆ. ಅದು ತಾನಾಗಿ ಜಮೆಯಾಗುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನ ಟಿಡಿಎಸ್, ಟಿಸಿಎಸ್ ಜಮೆ ಪುಟಕ್ಕೆ ಹೋಗಿ ಪ್ರತಿ ನಮೂದನ್ನೂ ಒಪ್ಪಿ ಸಲ್ಲಿಸಬೇಕು. ಆಗಷ್ಟೇ ನಗದು ಲೆಡ್ಜರ್‌ಗೆ ಬಂದು ಮುಂದಿನ ತೆರಿಗೆಗೆ ಉಪಯೋಗವಾಗುತ್ತದೆ. 10 ಲಕ್ಷದ ಒಂದು ಕೆಲಸಕ್ಕೆ 20 ಸಾವಿರ. ಅರ್ಜಿ ಬೇಡ, ಮಂಜೂರಾತಿ ಬೇಡ.

ಯೋಜನೆಗಳು ಮುಟ್ಟದ ಜಾಗ

ಮುಂಗಡವನ್ನು ಶೇ. 30ರಿಂದ 40ಕ್ಕೆ ಏರಿಸಿದರೆ, ಹೆಚ್ಚುವರಿ ಮುಂಗಡದ ಟಿಡಿಎಸ್, ಜಿಎಸ್‌ಟಿ ಕಳೆದ ಮೇಲೂ ಕಂದಕ 98,000 ಕಡಿಮೆಯಾಗುತ್ತದೆ. ಇದಕ್ಕೆ ಯಾವ ಕಚೇರಿಯೂ ಬೇಡ, ಗ್ರಾಹಕರೊಡನೆ ಗಟ್ಟಿಯಾಗಿ ಮಾತಾಡುವ ಧೈರ್ಯ ಬೇಕು.

ಕಾರ್ಯಕ್ರಮ ರದ್ದಾದರೆ ಆಗುವ ನಷ್ಟವನ್ನು ಮೇಲಿನ ಯಾವ ಯೋಜನೆಯೂ ತುಂಬುವುದಿಲ್ಲ. ಅದು ಒಪ್ಪಂದದಲ್ಲೇ ಬರಬೇಕು: 15 ದಿನ ಮೊದಲು ರದ್ದಾದರೆ ಎಷ್ಟು ಹಿಡಿಯುತ್ತೇವೆ, 3 ದಿನ ಮೊದಲಾದರೆ ಎಷ್ಟು, ಯಾವ ಖರ್ಚು ಪೂರ್ತಿ ಗ್ರಾಹಕರದು. ಮುಂಗಡ ವಾಪಸ್ ಕೊಡುವಾಗ, ಬಿಲ್ ಇನ್ನೂ ಆಗಿರದಿದ್ದರೆ ರೀಫಂಡ್ ವೋಚರ್ ಮಾಡಬೇಕು. ಅದಿಲ್ಲದೆ ಬರೀ ಬ್ಯಾಂಕ್ ವರ್ಗಾವಣೆ ಮಾಡಿದರೆ, ಏಪ್ರಿಲ್ 20ಕ್ಕೆ ಕಟ್ಟಿದ ಆ 54,000ವನ್ನು ಮರಳಿ ಹೊಂದಿಸಿಕೊಳ್ಳಲು ಕೈಯಲ್ಲಿ ದಾಖಲೆ ಇರುವುದಿಲ್ಲ.